ಒದ್ದೆ ರಸ್ತೆಯ ಐದು ಮೀಟರು

ವೈಶಾಲಿ ಟೈರು ಪರೀಕ್ಷೆಯ ಫಾರ್ಮನ್ನು ಸರ್ವೋತ್ತಮ ಶೆಟ್ಟರ ಮೇಜಿನ ಮೇಲೆ ಖಾಲಿಯಾಗಿಯೇ ಇಟ್ಟಳು.

"ಇದೆಂತದ್ದು? ಬ್ರೋಶರ್ ನೋಡಿ ತುಂಬಿಸು ಅಂತ ಹೇಳಿದ್ದಲ್ವಾ?"

"ಬ್ರೋಶರ್ ಛಾಪಿಸಿದವ್ರು ಶಿಳ್‌ಫಾಟಾ ರೋಡಿನ ಮ್ಯಾಲೆ ಗಾಡಿ ಹೊಡದಿಲ್ರಿ ಸರ್. ನಾ ಓಡಿಸಿ ನೋಡಿ ಬರೀತೀನಿ."

ಕಲ್ಯಾಣದ ಆ ಟ್ರಾವೆಲ್ಸ್ ಕಚೇರಿಯಲ್ಲಿ ಶೆಟ್ಟರಿಗೆ ಎದುರು ಮಾತಾಡುವವರು ಕಡಿಮೆ. ಅವರ ಇಪ್ಪತ್ತೆರಡು ಕಾರುಗಳು ಡೊಂಬಿವಲಿ, ಕಲ್ಯಾಣ, ಠಾಣೆಗಳಿಂದ ನೌಕರರನ್ನು ಐರೋಲಿಯ ಒಂದು ಕಂಪನಿಗೆ ಮುಟ್ಟಿಸುತ್ತಿದ್ದವು. ಗಾಡಿಗಳ ಉಸ್ತುವಾರಿಯೆಲ್ಲ ವೈಶಾಲಿಯದು. ಅವಳು ಹುಟ್ಟಿ ಬೆಳೆದದ್ದು ವಿಠ್ಠಲವಾಡಿಯಲ್ಲಿ, ಮನೆಮಾತು ಮಾತ್ರ ವಿಜಯಪುರದ್ದು.

ಹೋದ ವರ್ಷ ಜುಲೈಯಲ್ಲಿ ಜಟ್ಟೆಪ್ಪನ ಗಾಡಿ ಶಿಳ್ ರಸ್ತೆಯ ನೀರಿನಲ್ಲಿ ಜಾರಿ, ಅರ್ಧ ಸುತ್ತು ತಿರುಗಿ ಡಿವೈಡರಿಗೆ ಬಡಿದಿತ್ತು. ಹಿಂದೆ ಕೂತಿದ್ದ ಅನುಷ್ಕಾ ಎಂಬ ಹುಡುಗಿಯ ಭುಜದ ಮೂಳೆ ಮುರಿಯಿತು. ಟೈರು ಹಾಕಿ ನಾಲ್ಕು ತಿಂಗಳಷ್ಟೇ ಆಗಿತ್ತು. ಜಿಪಿಎಸ್‌ನಲ್ಲಿ ವೇಗ ಐವತ್ತೆರಡು ಎಂದಿತ್ತು. ಆದರೂ ಶೆಟ್ಟರು ಕಂಪನಿಗೆ ಬರೆದು ಕಳಿಸಿದ್ದು, 'ಚಾಲಕನ ಅತಿವೇಗ' ಎಂದು. ಇಪ್ಪತ್ತಾರು ವರ್ಷ ಸ್ಟೇರಿಂಗ್ ಹಿಡಿದ ಜಟ್ಟೆಪ್ಪ ಅಂದಿನಿಂದ ಕಾರು ತೊಳೆಯುತ್ತಿದ್ದ, ಭಿವಂಡಿಯ ಗೋದಾಮುಗಳಿಗೆ ಪಾರ್ಸಲ್ ಒಯ್ಯುತ್ತಿದ್ದ. ಜನರನ್ನು ಕೂರಿಸಿಕೊಂಡು ಹೋಗುವ ಹಾಗಿರಲಿಲ್ಲ.

ಈಗ ಎಲ್ಲ ಗಾಡಿಗಳ ಟೈರೂ ಸವೆದಿದ್ದವು. ಮಳೆ ಹಿಡಿಯುವ ಮೊದಲು ಎರಡು ಬಗೆಯ ಟೈರುಗಳನ್ನು ಒಣ ರಸ್ತೆಯಲ್ಲೂ ಒದ್ದೆ ರಸ್ತೆಯಲ್ಲೂ ಹೋಲಿಸಿ ವರದಿ ಕೊಡಿ ಎಂದು ಐರೋಲಿಯವರು ಫಾರ್ಮ್ ಕಳಿಸಿದ್ದರು. ಶೆಟ್ಟರು ಟೈರು ಯಾವುದೆಂದು ಆಗಲೇ ನಿಶ್ಚಯಿಸಿ ಆಗಿತ್ತು: ಹೋದ ವರ್ಷದ್ದೇ. ಅದರ ಏಜೆನ್ಸಿ ಅವರ ಅಕ್ಕನ ಮಗ ಹಿತೇಶನದು.

"ಸರಿ, ಓಡಿಸಿಯೇ ನೋಡು ಮಾರಾಯ್ತಿ," ಎಂದರು ಶೆಟ್ಟರು. ಸೋದರಳಿಯನ ಟೈರು ಸೋಲಬಹುದೆಂದು ಅವರಿಗೆ ಅನಿಸಿರಲೇ ಇಲ್ಲ.

ಭಾನುವಾರ ಬೆಳಿಗ್ಗೆ ಭಿವಂಡಿಯಲ್ಲಿ, ಗೋದಾಮಿನ ಹಿಂದೆ ಲಾರಿಗಳಿಲ್ಲದ ಡಾಂಬರು ದಾರಿಯಲ್ಲಿ ವೈಶಾಲಿ ಸುಣ್ಣದ ಗೆರೆ ಎಳೆಸಿದಳು. ಗಾಡಿ ಒಂದೇ, ಗಾಳಿಯ ಒತ್ತಡ ಒಂದೇ, ಟೈರು ಮಾತ್ರ ಎರಡು ಸೆಟ್ಟು, ಎರಡೂ ಹೊಸವು. ಗೆರೆ ದಾಟುವಾಗ ಅರವತ್ತರ ವೇಗ, ದಾಟಿದೊಡನೆ ಬ್ರೇಕು. ತನ್ನ ಟೈರಿನ ಪರೀಕ್ಷೆ ನೋಡಲು ಬಂದಿದ್ದ ಹಿತೇಶ್, ಸ್ಟೇರಿಂಗಿನಲ್ಲಿ ಜಟ್ಟೆಪ್ಪ ಕೂತದ್ದು ಕಂಡು, ಗಾಡಿ ಗುದ್ದಿದವನೇ ಓಡಿಸುವುದೇ ಎಂದು ನಕ್ಕ.

"ಯೇ ಚಲಾಯೇಗಾ? ಇಸೀನೇ ತೋ ಗಾಡಿ ಠೋಕೀ ಥೀ."

ವೈಶಾಲಿ ಹಿತೇಶನಿಗೆ ಮುಂದಿನ ಬಾಗಿಲು ತೆರೆದಳು. "ನೀವ ಬಾಜೂಕ ಕುಂದರ್ರಿ. ಸ್ಪೀಡ್ ನೀವ ನೋಡ್ರಿ, ನೀವ ಹೇಳ್ರಿ."

ಒಣ ರಸ್ತೆಯಲ್ಲಿ ಹಿತೇಶನ ಟೈರು ಹದಿನೈದೂವರೆ ಮೀಟರಿಗೆ ನಿಂತಿತು. ಇನ್ನೊಂದು ಹದಿನಾರು ದಾಟಿತು, ಓಡುವಾಗ ಸದ್ದೂ ಹೆಚ್ಚು. ವೈಶಾಲಿ ಎಣಿಸಿದ್ದು ಹೀಗಲ್ಲ. ಆದರೂ ಅಳತೆ ಕಂಡಂತೆಯೇ ಬರೆದಳು.

"ಲಿಖೋ, ಲಿಖೋ," ಎಂದ ಹಿತೇಶ್.

ಆಮೇಲೆ ಟ್ಯಾಂಕರ್ ಬಂದು ದಾರಿಯ ತುಂಬ ನೀರು ಸುರಿಯಿತು. ಎರಡನೆಯ ಟೈರು ಇಪ್ಪತ್ತು ಮೀಟರಿಗೆ ನಿಂತಿತು. ಮೂರು ಸಲ ಓಡಿಸಿದರೂ ಹೆಚ್ಚುಕಡಿಮೆ ಅಷ್ಟೇ. ಹಿತೇಶನದು ಇಪ್ಪತ್ತೈದು. ಇನ್ನೊಮ್ಮೆ ಓಡಿಸು ಎಂದ, ಮತ್ತೆ ಇಪ್ಪತ್ತೈದು. ಕೊನೆಗೆ ಜಟ್ಟೆಪ್ಪ ಯಾರನ್ನೂ ಕೇಳದೆ, ಅದೇ ಟೈರಿನಲ್ಲಿ ಗಾಡಿಯನ್ನು ಐವತ್ತರಲ್ಲಿ ತಿರುವಿಗೆ ಹಾಕಿದ. ಹಿಂಬದಿ ಸರ್ರನೆ ಹೊರಕ್ಕೆ ಜಾರಿತು. ಹಿತೇಶ್ ಎರಡೂ ಕೈಯಲ್ಲಿ ಹಿಡಿಕೆ ಹಿಡಿದು ಕಣ್ಣು ಮುಚ್ಚಿದ. ಗಾಡಿಯನ್ನು ಸಾವಕಾಶ ನೆಟ್ಟಗೆ ತಂದು ನಿಲ್ಲಿಸಿ ಜಟ್ಟೆಪ್ಪ ಅಂದ, "ಸ್ಪೀಡ್ ಎಷ್ಟಿತ್ತರಿ ಸಾಹೇಬ್ರ? ಜೋರ ಹೇಳ್ರಿ."

ಹಿತೇಶ್ ಬಾಗಿಲು ತಳ್ಳಿ ಇಳಿದ. ವೈಶಾಲಿಯ ಫೋನು ಎಲ್ಲವನ್ನೂ ಚಿತ್ರೀಕರಿಸಿಕೊಂಡಿತ್ತು.

ಸೋಮವಾರ ಶೆಟ್ಟರು ಬಾಗಿಲು ಹಾಕಿಸಿ ವೈಶಾಲಿಯನ್ನು ಕೂರಿಸಿದರು. "ನೋಡು, ಮಳೆ ನಾಲ್ಕು ತಿಂಗಳು, ಒಣ ರಸ್ತೆ ಎಂಟು ತಿಂಗಳು. ಒಣ ರಸ್ತೆಯದ್ದು ಮಾತ್ರ ಬರಿ. ಒದ್ದೆಯದ್ದಕ್ಕೆ 'ಉತ್ತಮ' ಅಂತ ಹಾಕಿ ಬಿಡು, ಆಯ್ತಲ್ಲ."

"ಆ ನಾಲ್ಕ ತಿಂಗಳು ಹುಡುಗ್ಯಾರು ಮನೀಗೆ ಬರೂದು ಬ್ಯಾಡೇನ್ರಿ?"

"ಎಂತ ಮಾತಾಡ್ತಿ ನೀನು? ಐದು ಮೀಟರಿಗೆ ಇಷ್ಟು ರಂಪ!"

"ಐದು ಮೀಟರ್ ಅಂದ್ರ ಒಂದು ಗಾಡಿಗಿಂತ ಉದ್ದ ಸರ್. ನಾ ಸಹಿ ಮಾಡಿದ ಕಾಗದದಾಗ ಸುಳ್ಳು ಬರಂಗಿಲ್ಲ."

"ಹಾಗಾದ್ರೆ ನಾಳೆಯಿಂದ ಬರ್ಬೇಡ."

"ನಾಳೆ ಬರೂದಿಲ್ಲ. ಇವತ್ತ ಡ್ಯೂಟಿ ಮುಗಸ್ತೀನಿ." ಎಂದವಳೇ ಫಾರ್ಮು ಎತ್ತಿಕೊಂಡು ಹೊರಬಿದ್ದಳು. ಕಲ್ಯಾಣದಿಂದ ಠಾಣೆಗೆ ಲೋಕಲ್, ಠಾಣೆಯಿಂದ ಐರೋಲಿಗೆ ಇನ್ನೊಂದು. ರೈಲಿನಲ್ಲಿ ನಿಂತಾಗ ಮಾತ್ರ ಸಂಬಳದ ಚಿಂತೆ ಹತ್ತಿತು. ಮನೆಯಲ್ಲಿ ಅವ್ವ ಕಾಶವ್ವ, ಕಾಲೇಜಿಗೆ ಹೋಗುವ ತಮ್ಮ. ನಾಳೆ ಬೆಳಿಗ್ಗೆ ಡಬ್ಬಿ ಕಟ್ಟಬೇಡ ಎಂದು ಅವ್ವನಿಗೆ ಯಾವ ಬಾಯಲ್ಲಿ ಹೇಳುವುದು? ಹಿಂದಿರುಗಿಬಿಡಲೇ ಎಂದೂ ಒಮ್ಮೆ ಅನಿಸಿತು. ಅಷ್ಟರಲ್ಲಿ ಐರೋಲಿ ಬಂತು, ಇಳಿದಳು.

ಕಂಪನಿಯ ಸಾರಿಗೆ ಅಧಿಕಾರಿ ಮಾನಸಿ ಅಂಕಿಗಳನ್ನು ಎರಡು ಸಲ ಓದಿ, ವಿಡಿಯೋ ಪೂರ್ತಿ ನೋಡಿದಳು.

"ತಿರುವಿನಲ್ಲಿ ಗಾಡಿಯನ್ನು ಹೀಗೆ ಹಿಡಿದು ನಿಲ್ಲಿಸಿದ ಡ್ರೈವರ್ ಯಾರು?"

"ಜಟ್ಟೆಪ್ಪ ಅಂತ್ರಿ. ಹೋದ ವರ್ಷ ಅತಿವೇಗ ಅಂತ ನಿಮಗ ಬರದ ಕೊಟ್ಟಿದ್ರಲ್ಲ, ಅವ್ರೇ."

ಮಾನಸಿ ವಿಡಿಯೋದ ತಿರುವನ್ನು ಇನ್ನೊಮ್ಮೆ ನೋಡಿದಳು. ಫಾರ್ಮಿನ ಮೇಲೆ ಮುದ್ರೆ ಒತ್ತಿ ಒಳಗಿಟ್ಟುಕೊಂಡಳು.

ಗುರುವಾರ ಶೆಟ್ಟರ ಫೋನ್ ಬಂತು. ಕಂಪನಿಯವರು ಹಿತೇಶನ ಟೈರು ನಡೆಯದು ಎಂದಿದ್ದರು. ಎರಡನೆಯದನ್ನು ಹಾಕಿ, ಹದಿನೈದು ದಿನಕ್ಕೊಮ್ಮೆ ಫಾರ್ಮು ತಂದ ಹುಡುಗಿಯದೇ ಸಹಿಯಿರುವ ತಪಾಸಣೆ ಕಳಿಸಬೇಕು ಎಂದಿದ್ದರು. "ಬಾ ಮಾರಾಯ್ತಿ, ನಿನ್ನ ಹಠವೇ ಗೆದ್ದಿತು," ಎಂದರು.

ವೈಶಾಲಿ ಹೋದಳು, ಆದರೆ ಕುರ್ಚಿಯಲ್ಲಿ ಕೂರಲಿಲ್ಲ. "ಜಟ್ಟೆಪ್ಪ ಕಾಕಾಗ ಒಂದು ಚೀಟಿ ಬೇಕ್ರಿ. ಅದಾದ ಮ್ಯಾಲೆ ನನ್ನ ಕೆಲಸ."

ಶೆಟ್ಟರ ಮುಖ ಕೆಂಪಾಯಿತು. "ತಪ್ಪು ನನ್ನದು ಅಂತ ನಾನು ಬರ್ದು ಕೊಡ್ಬೇಕಾ?"

"ನಿಮ್ಮದು ಅಂತ ಬ್ಯಾಡ. ಅವರದಲ್ಲ ಅಂತ ಬರೀರಿ, ಸಾಕು."

ಹೊರಗೆ ಏಳೆಂಟು ಡ್ರೈವರುಗಳು ಚಹಾ ಲೋಟ ಹಿಡಿದು ಸುಮ್ಮನೆ ನಿಂತಿದ್ದರು. ಯಾರೂ ಗಾಡಿ ತೆಗೆಯುವ ಅವಸರ ತೋರಲಿಲ್ಲ. ಶೆಟ್ಟರು ಗಾಜಿನಾಚೆ ಒಮ್ಮೆ, ಗಡಿಯಾರದತ್ತ ಒಮ್ಮೆ ನೋಡಿದರು. ಕೊನೆಗೆ ಲೆಟರ್‌ಹೆಡ್ ಎಳೆದುಕೊಂಡರು.

ವೈಶಾಲಿ ಆ ಪತ್ರವನ್ನು ಜಟ್ಟೆಪ್ಪನಿಗೆ ಕನ್ನಡದಲ್ಲಿ ಬಿಡಿಸಿ ಓದಿ ಹೇಳಿದಳು. ಅವನು ತೊಳೆಯುವ ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿ, ಕೈ ಒರೆಸಿಕೊಂಡು ಕೇಳಿದ. ನೆಟ್ಟಗೆ ಶೆಟ್ಟರ ಕೋಣೆಗೆ ಹೋಗಿ ನಿಂತ. ಹತ್ತು ತಿಂಗಳಲ್ಲಿ ಅಲ್ಲಿಗೆ ಕಾಲಿಟ್ಟಿರಲಿಲ್ಲ.

"ಇದರದ ಇನ್ನೊಂದು ಕಾಪಿ ಅನುಷ್ಕಾ ಮೇಡಂಗ ಕಳಸ್ರಿ ಸಾಹೇಬ್ರ. ನಾ ಹುಚ್ಚರಂಗ ಹೊಡದು ಆಕೀ ಭುಜ ಮುರದೀನಿ ಅಂತ ಆ ಹುಡುಗಿ ಇನ್ನೂ ತಿಳಕೊಂಡಾಳ."

"ಅದೆಲ್ಲ ಯಾಕೆ ಈಗ..." ಎಂದು ಶೆಟ್ಟರು ಶುರುಮಾಡಿದರು.

ವೈಶಾಲಿ ಆಗಲೇ ಪತ್ರವನ್ನು ಜೆರಾಕ್ಸ್ ಯಂತ್ರದೊಳಕ್ಕೆ ಇಟ್ಟು ಗುಂಡಿ ಒತ್ತಿದ್ದಳು.