ಕರೆಂಟಿನ ಕೊಳೆ

ಕರೆಂಟಿಗೂ ಕೊಳೆ ಹಿಡಿಯುತ್ತದೆ ಎಂಬ ಸಂಗತಿ ಮಾದೇಶನಿಗೆ ತಿಳಿದದ್ದು ಮೊಬೈಲಿನಿಂದ. ಕುಡಿಯುವ ನೀರಿಗೆ ಫಿಲ್ಟರ್ ಹಾಕಿಸಿಕೊಳ್ಳುವ ಜನ ಕರೆಂಟನ್ನು ಮಾತ್ರ ಬಂದ ಹಾಗೇ ಮನೆಯೊಳಕ್ಕೆ ಬಿಟ್ಟುಕೊಳ್ಳುತ್ತಾರಲ್ಲ ಎಂದು ಅದರಲ್ಲೊಬ್ಬ ಗಡ್ಡದವನು ಮರುಗುತ್ತಿದ್ದ. ಫ್ರಿಜ್ಜು, ಮಿಕ್ಸಿ, ಪಕ್ಕದ ಮನೆಯ ಮೋಟಾರು, ಊರಾಚೆಯ ಕಾರ್ಖಾನೆ, ಎಲ್ಲವೂ ತಮ್ಮ ಕೊಳೆಯನ್ನು ವೈರಿಗೆ ಬಿಡುತ್ತವಂತೆ. ಆ ಕೊಳೆ ಆಂಪ್ಲಿಫೈಯರ್ ಹೊಕ್ಕು ಹಾಡನ್ನು ಕೆಡಿಸುತ್ತದಂತೆ. ಪ್ಲಗ್ಗಿಗೆ ಸಿಕ್ಕಿಸುವ ಬಿಳಿ ಪೆಟ್ಟಿಗೆಯೊಂದಿದ್ದರೆ ಎಲ್ಲ ಶುದ್ಧವಂತೆ. ಅದರ ಹೆಸರು ಪವರ್ ಪ್ಯೂರಿಫೈಯರ್. ಇರಲಾರದೆ ಇರುವೆ ಬಿಟ್ಟುಕೊಂಡ ಅನ್ನುತ್ತಾರೆ; ಈಗಿನ ಕಾಲದಲ್ಲಿ ಇರುವೆಯನ್ನು ಹುಡುಕುವ ಶ್ರಮವೂ ಇಲ್ಲ, ಮನೆ ಬಾಗಿಲಿಗೇ ತಂದು ಕೊಡುತ್ತಾರೆ.

ಮಾದೇಶ ನಂಜನಗೂಡಿನ ಕೈಗಾರಿಕಾ ಪ್ರದೇಶದ ನೂಲಿನ ಮಿಲ್ಲೊಂದರಲ್ಲಿ ಕೆಲಸಗಾರ. ಮೀಸೆ ಮೂಡುವ ವಯಸ್ಸಿನಲ್ಲಿ ಸೇರಿದವನಿಗೆ ಈಗ ಆ ಮೀಸೆ ನರೆತಿದೆ. ಅಲ್ಲಿ ಮಷೀನುಗಳ ಮಧ್ಯೆ ಬಾಯಿಮಾತು ನಡೆಯುವುದಿಲ್ಲ. ಕೈಸನ್ನೆ ಮಾಡಬೇಕು, ಇಲ್ಲವೇ ಎದುರಿನವನ ತುಟಿ ನೋಡಿ ತಿಳಿದುಕೊಳ್ಳಬೇಕು. ಕಿವಿಗಿಟ್ಟುಕೊಳ್ಳಿ ಎಂದು ಮಿಲ್ಲಿನವರು ಸ್ಪಂಜಿನ ಬಿರಡೆ ಕೊಡುತ್ತಿದ್ದರು. ಬೆವರಿಗೆ ಕೆರೆಯುತ್ತದೆ ಎಂದು ಇವನು ಅದನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಜೇಬಿಗೆ ಏನೂ ಆಗಲಿಲ್ಲ.

ಅವನಿಗಿದ್ದ ಆಸೆ ಒಂದೇ, ಅಪ್ಪನ ಹಾಡನ್ನು ಅಪ್ಪ ಹಾಡಿದ ಹಾಗೇ ಕೇಳಬೇಕು ಎಂಬುದು. ಅಪ್ಪ ಹುಚ್ಚಯ್ಯ ತಂಬೂರಿ ಹಿಡಿದು ಕಥೆ ಹಾಡುತ್ತಿದ್ದ ನೀಲಗಾರ. ಭುಜಕ್ಕೆ ತಂಬೂರಿ, ಕೈಯಲ್ಲಿ ಗಗ್ಗರ. ಗಗ್ಗರವೆಂದರೆ ಒಳಗೆ ಗುಂಡು ತುಂಬಿದ ಕಂಚಿನ ಬಳೆ. ಬೆರಳಲ್ಲಿ ಆಡಿಸಿದರೆ ಘಲ್ಲು ಘಲ್ಲು ಎನ್ನುತ್ತದೆ. ಚಿಕ್ಕವನಿದ್ದಾಗ ಮಾದೇಶ ಆ ಸದ್ದಿನಲ್ಲೇ ಅವ್ವನ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದ. ಗಗ್ಗರ ನಿಂತರೆ ಎಚ್ಚರವಾಗುತ್ತಿತ್ತು. ತಲಕಾಡಿನ ಕಡೆಯ ಒಂದು ಮದುವೆಮನೆಯಲ್ಲಿ ಯಾರೋ ಅಪ್ಪನ ಕಥೆಯನ್ನು ಕ್ಯಾಸೆಟ್ಟಿಗೆ ಹಿಡಿದಿದ್ದರು. ಮಗಳು ಕವನ, ಮೈಸೂರಿನಲ್ಲಿ ಬಿ.ಎಡ್. ಓದುತ್ತಿದ್ದವಳು, ಅದನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದಳು. ಮಾದೇಶ ಅದಕ್ಕಾಗಿಯೇ ಒಳ್ಳೆಯ ಆಂಪ್ಲಿಫೈಯರನ್ನೂ ಸೊಂಟದೆತ್ತರದ ಎರಡು ಸ್ಪೀಕರನ್ನೂ ತಂದು, ಹಾಲಿನಲ್ಲಿ ಬುದ್ಧ ಮತ್ತು ಬಾಬಾಸಾಹೇಬರ ಪಟಗಳ ಕೆಳಗೆ ಜೋಡಿಸಿದ.

ಹಾಡು ಹಾಕಿದರೆ ಅಪ್ಪನ ಗಂಟಲು ಬಂತು, ತಂಬೂರಿ ಬಂತು. ಗಗ್ಗರ ಬರಲಿಲ್ಲ. ಅದರ ಜಾಗದಲ್ಲಿ, ಸೊಳ್ಳೆ ಕಿವಿಯ ಪಕ್ಕ ಬಂದು ನಿಂತ ಹಾಗೆ, ಗುಂಯ್ ಎಂಬ ಒಂದು ಸದ್ದು.

"ಗಗ್ಗರ ಎಲ್ಲೋಯ್ತು?" ಎಂದ.

"ಕೇಳ್ತಾ ಅದಲ್ಲ, ಚೆಂದಾಗಿ," ಎಂದಳು ಹೆಂಡತಿ ರಂಜಿನಿ.

ಅವಳಿಗೆ ಆಗಲೇ ಅನುಮಾನ. ಗಂಡ ಬೆನ್ನು ತಿರುಗಿಸಿ ಕೂತಿದ್ದಾಗ ಏನು ಹೇಳಿದರೂ ಹೂಂ ಎನ್ನುತ್ತಿದ್ದ, ಹೇಳಿದ ಕೆಲಸ ಆಗುತ್ತಿರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಮೆಲ್ಲಗೆ ಮಾತು ತೆಗೆದಳು. "ಮೈಸೂರ್ಗೋಗಿ ಕಿವಿ ಡಾಕ್ಟ್ರಿಗೆ ಒಂದ್ಸಲ ತೋರ್ಸುವ ಕಣ್ರೀ."

"ನಾನೇನ್ ಕಿವುಡ್ನಾ?" ಮಾದೇಶ ತಟ್ಟೆ ತಳ್ಳಿ ಎದ್ದ. ಮಿಲ್ಲಿನಲ್ಲಿ ರಂಗಸ್ವಾಮಿ ಎಂಬವನಿದ್ದ, ಕಿವಿ ಹೋದವನು. ಹುಡುಗರು ಅವನ ಬೆನ್ನ ಹಿಂದೆ ನಿಂತು ಬಾಯಿಗೆ ಬಂದದ್ದು ಬೈದು ನಗುತ್ತಿದ್ದರು, ಅವನೂ ತಿರುಗಿ ನೋಡಿ ಜೊತೆಗೆ ನಗುತ್ತಿದ್ದ. ಮಾದೇಶನೂ ಆ ನಗುವಿನಲ್ಲಿ ಸೇರಿದವನೇ. ಅಂಥವನಿಗೆ ತಾನೇ ಆ ಜಾಗಕ್ಕೆ ಬಂದು ನಿಂತಿದ್ದೇನೆ ಎಂದು ಒಪ್ಪಿಕೊಳ್ಳುವುದು ಹೇಗೆ? ಮಾರನೆಯ ದಿನವೂ ಅವನು ಮನೆಯಲ್ಲಿ ಉಣ್ಣಲಿಲ್ಲ. ರಂಜಿನಿ ಕಿವಿಯ ಸುದ್ದಿ ಅಲ್ಲಿಗೇ ಬಿಟ್ಟಳು.

ಆಗ ಬಂದದ್ದು ಪ್ಯೂರಿಫೈಯರ್. ಸಿಕ್ಕಿಸಿದರೆ ಹಸಿರು ದೀಪ ಹತ್ತುತ್ತಿತ್ತು. ಅದರಿಂದ ನಿಜವಾಗಿ ಉಪಯೋಗವಾಗುತ್ತದೋ ಇಲ್ಲವೋ ನೋಡಬೇಕಾದರೆ ಪರೀಕ್ಷೆ ಮಾಡಬೇಕು ಎಂದು ಗಡ್ಡದವನೇ ಹೇಳಿದ್ದ. ಮಾದೇಶ ರಜದ ದಿನ ಮಧ್ಯಾಹ್ನ ಕಣ್ಣು ಮುಚ್ಚಿ ಕೂರುತ್ತಿದ್ದ. ರಂಜಿನಿ ಹಿಂದೆ ನಿಂತು ಪೆಟ್ಟಿಗೆಯನ್ನು ಹಾಕುವುದು, ತೆಗೆಯುವುದು. ಹಾಕಿದೆಯೋ ತೆಗೆದಿದೆಯೋ ಅವನು ಸದ್ದು ಕೇಳಿಯೇ ಹೇಳಬೇಕು, ಸರಿಯೋ ತಪ್ಪೋ ಎಂದು ಅವಳು ಮುಂದೆ ಬಂದು ಹೇಳಬೇಕು.

"ಈಗ ಆಕಿದೀಯ."

"ಸರಿ."

"ಈಗ ತಗ್ದಿದೀಯ. ಗುಂಯ್ ಜಾಸ್ತಿ ಆಯ್ತು."

"ಸರಿ ಕಣ್ರೀ. ಅದೆಂಗ್ ಕಂಡ್ ಹಿಡಿತೀರೋ!"

ಅವಳು ಪೆಟ್ಟಿಗೆಯನ್ನು ಮುಟ್ಟುತ್ತಲೇ ಇರಲಿಲ್ಲ. ಕೈ ಕಟ್ಟಿಕೊಂಡು ಸುಮ್ಮನೆ ನಿಂತಿರುತ್ತಿದ್ದಳು. ಕವನ ಒಮ್ಮೆ ಬಾಗಿಲಲ್ಲಿ ನಿಂತು ಇದನ್ನು ಕಂಡಾಗ ರಂಜಿನಿ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಮಿಟುಕಿಸಿದಳು. ಮನೆಯಲ್ಲಿ ನೆಮ್ಮದಿ ಬೇಕಿತ್ತು ಅವಳಿಗೆ. ಗಂಡ ಮಗುವಿನ ಹಾಗೆ ಹಿಗ್ಗುವುದನ್ನು ನೋಡಿ ಅವಳಿಗೂ ಹಿಗ್ಗು. ಅದಕ್ಕೆ ಒಂದು ಸುಳ್ಳಾದರೇನು? ಸಂಸಾರ ನಡೆಯುವುದೇ ಇಂಥವುಗಳ ಮೇಲೆ. ಇದೆಲ್ಲ ಮಾದೇಶನಿಗೆ ಗೊತ್ತಾದದ್ದು ಬಹಳ ಆಮೇಲೆ.

ತನ್ನ ಕಿವಿ ಹದ್ದಿನ ಕಣ್ಣಿನಷ್ಟು ಚುರುಕು ಎಂದು ಮಾದೇಶನಿಗೆ ಖಾತ್ರಿಯಾಯಿತು. ಕಿವಿ ಸರಿಯಿದ್ದ ಮೇಲೆ ತಪ್ಪು ಕರೆಂಟಿನದ್ದೇ. ಫ್ರಿಜ್ಜಿಗೊಂದು ಪೆಟ್ಟಿಗೆ ಬಂತು, ಇನ್ವರ್ಟರಿಗೊಂದು, ಅಡುಗೆಮನೆಗೊಂದು. ಮನೆಯ ತುಂಬ ಹಸಿರು ದೀಪ. ಗುಂಯ್ ಮಾತ್ರ ಇದ್ದಲ್ಲೇ ಇತ್ತು. ಕರೆಂಟು ಹೋದಾಗ ಇನ್ವರ್ಟರ್ ಶುರುವಾಗುತ್ತಿತ್ತು, ಆಗಲೂ ಗುಂಯ್. ಅಪ್ಪನ ಬೆರಳಲ್ಲಿ ಗಗ್ಗರ ಆಡುತ್ತಿದೆ, ಆದರೆ ಮಧ್ಯೆ ಯಾರೋ ಕಂಬಳಿ ಹಿಡಿದು ನಿಂತಿದ್ದಾರೆ ಎಂದು ಅವನಿಗೆ ಅನಿಸುತ್ತಿತ್ತು.

ಕೊನೆಗೆ ಬಸ್ಸು ಹತ್ತಿ ತಿ. ನರಸೀಪುರಕ್ಕೆ ಹೋದ. ರಂಜಿನಿಯ ತಮ್ಮ ರವಿಕುಮಾರ್ ಅಲ್ಲಿನ ಬಸ್‌ಸ್ಟ್ಯಾಂಡಿನ ಹಿಂದೆ ಪಂಪ್‌ಸೆಟ್ಟಿನ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದ. ಅಕ್ಕನ ಮನೆಯ ವೈರಿಂಗ್ ಮಾಡಿದವನೂ ಅವನೇ.

"ನಂಗೇ ಅಂತ ಬೇರೆ ಅರ್ತಿಂಗ್ ಗುಂಡಿ ತೋಡ್ಕೊಡ್ಲಾ," ಎಂದು ಮಾದೇಶ ಕೇಳಿದ. "ಅರ್ತಿಂಗ್ನಿಂದ್ಲೂ ಗುಂಯ್ ಬತ್ತದಂತೆ."

ರವಿ ನಕ್ಕುಬಿಟ್ಟ. "ಬಾವ, ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ."

ಮಾದೇಶನ ಮುಖ ಕಪ್ಪಿಟ್ಟಿತು. ರವಿಗೆ ಕೆಡುಕೆನಿಸಿತು. ಟೀ ತರಿಸಿ, ಕೈ ಒರೆಸಿಕೊಂಡು, ತಿಳಿಯುವ ಹಾಗೆ ಹೇಳಲು ನೋಡಿದ. "ನೋಡಿ ಬಾವ, ಅರ್ತಿಂಗ್ ಅಂದ್ರೆ ಮನೆ ಚರಂಡಿ ಇದ್ದಂಗೆ. ಫ್ರಿಜ್ಜು, ಗ್ರೈಂಡ್ರು, ಮೋಟ್ರು, ಎಲ್ಲುದ್ರದ್ದೂ ಕೆಟ್ಟ ಕರೆಂಟು ಅದ್ರಲ್ಲೇ ಇಳ್ದು ಭೂಮಿಗೋಯ್ತದೆ. ಒಂದ್ಮನೆಗೆ ಒಂದ್ ಗುಂಡಿ ಸಾಕು. ನೀವೇನಾರ ಮಾಡ್ಕಳಿ, ಅದುನ್ನ ಮಾತ್ರ ಮುಟ್ಬೇಡಿ."

ಮಾದೇಶ ತಲೆಯಾಡಿಸಿದ. ಆದರೆ ರವಿ ಹೇಳಿದ್ದರಲ್ಲಿ ಮೊದಲಿನ ಅರ್ಧ ಮಾತ್ರ ಅವನ ಜೊತೆ ವಾಪಸು ಬಸ್ಸು ಹತ್ತಿತು. ಮನೆಯ ಕೊಳೆಯೆಲ್ಲ ಅದರಲ್ಲೇ ಇಳಿಯುತ್ತದೆ! ಅದೇ ವೈರು ತಾನೆ ತನ್ನ ಆಂಪ್ಲಿಫೈಯರಿಗೂ ಬಂದಿರುವುದು? ಫ್ರಿಜ್ಜಿನ ಕೊಳಕು, ಗ್ರೈಂಡರಿನ ಕೊಳಕು, ಎಲ್ಲ ಒಂದೇ ಮೋರಿಯಲ್ಲಿ ಹರಿದು ಅಪ್ಪನ ಹಾಡಿನ ಹತ್ತಿರ ಬರುತ್ತಿದೆ. ಬುದ್ಧನ ಪಟದ ಮುಂದೆ ಯಾರಾದರೂ ಚರಂಡಿ ಹರಿಸುತ್ತಾರಾ? ಪೆಟ್ಟಿಗೆಗಳು ಸೋತದ್ದು ಯಾಕೆಂದು ಈಗ ತಿಳಿಯಿತು ಎಂದುಕೊಂಡ. ಬಸ್ಸಿಳಿಯುವಾಗ ಅವನ ಮನಸ್ಸು ಹಗುರವಾಗಿತ್ತು.

ಮುಂದಿನ ರಜದಂದು ರಂಜಿನಿ ಸಂಘದ ಮೀಟಿಂಗಿಗೆ ಹೋಗಿದ್ದಳು. ಮಾದೇಶ ಮೇನ್ ಆಫ್ ಮಾಡಿ ಬೋರ್ಡಿನ ಮುಚ್ಚಳ ಬಿಚ್ಚಿದ. ಬೀದಿಯಲ್ಲಿ ಯಾರದೋ ಮನೆಗೆ ಬೋರ್‌ವೆಲ್ ಕೊರೆಯುತ್ತಿದ್ದರು, ಆ ಗದ್ದಲದಲ್ಲಿ ಅವನಿಗೆ ಬೇರೇನೂ ಕೇಳುತ್ತಿರಲಿಲ್ಲ. ಅರ್ತಿಂಗಿನ ಹಸಿರು ವೈರುಗಳೆಲ್ಲ ಒಂದು ಹಿತ್ತಾಳೆ ಪಟ್ಟಿಗೆ ಬಂದು ಸೇರಿದ್ದವು. ಹಾಲಿನದ್ದೊಂದನ್ನು ಬಿಟ್ಟು ಉಳಿದವನ್ನೆಲ್ಲ ಬಿಚ್ಚಿ, ತುದಿಗೆ ನೀಟಾಗಿ ಟೇಪು ಸುತ್ತಿದ. ಕೆಲಸದಲ್ಲಿ ಅವನದು ಯಾವತ್ತೂ ಅಚ್ಚುಕಟ್ಟು. ಸಂಜೆ ಪರೀಕ್ಷೆ ಮಾಡಿದರು. "ಇವತ್ತು ಗುಂಯ್ ಕಮ್ಮಿ ಆದಂಗದೆ, ಅಲ್ವಾ?" ಎಂದ.

"ಹೌದು ಕಣ್ರೀ, ಎಷ್ಟೋ ಕಮ್ಮಿ," ಎಂದಳು ರಂಜಿನಿ. ಏನು ಕಮ್ಮಿಯಾಯಿತು, ಯಾಕೆ ಕಮ್ಮಿಯಾಯಿತು ಎಂದು ಅವಳು ಕೇಳಲಿಲ್ಲ.

ಅದಾದ ಮೇಲೆ ಒಂದು ಬೆಳಗ್ಗೆ ಅವನು ಹಾಡು ಹಾಕಿಕೊಂಡು ಕೂತಿದ್ದ. ಅಡುಗೆಮನೆಯಿಂದ ರಂಜಿನಿ ಏನೋ ಕೂಗಿ ಹೇಳಿದಳು. ಅವನು ಹೂಂ ಅಂದ. ಇನ್ನೊಂದು ಸಲ ಕೂಗಿದಳು. ಅವನು ಇನ್ನೂ ಗಟ್ಟಿಯಾಗಿ ಹೂಂ ಅಂದ. ಅವಳು ಸುಮ್ಮನಾದಳು. ಗಂಡಸು ಹೂಂ ಅಂದ ಮೇಲೆ ನೋಡುತ್ತಾನೆ ಎಂದು ಅವಳ ನಂಬಿಕೆ.

ಆ ವಾರವೇ, ಮಾದೇಶನಿಗೆ ಎರಡನೇ ಪಾಳಿ ಇದ್ದ ದಿನ. ಕವನ ಕೊಳಾಯಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ರಂಜಿನಿ ದೋಸೆಗೆ ನೆನೆಹಾಕಿದ್ದನ್ನು ಗ್ರೈಂಡರಿಗೆ ಸುರಿದಿದ್ದಳು. ಅದು ಅವಳ ತವರಿನವರು ಕೊಟ್ಟ ಹಳೆಯ ಗ್ರೈಂಡರ್, ಸ್ಟೀಲಿನ ಮೈ. ಮಾದೇಶ ಹಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಅಪ್ಪ ಕಥೆಯ ಒಂದು ತಿರುವಿಗೆ ಬಂದು ದನಿ ಏರಿಸಿದ. ಆಗ ಕೇಳಿಸಿತು. ಘಲ್ಲೆಂದು, ಘಲಘಲನೆ, ಎಷ್ಟೋ ವರ್ಷದ ಮೇಲೆ.

ಮಾದೇಶನ ಮೈ ಜುಮ್ಮೆಂದಿತು. ಕಣ್ಣಲ್ಲಿ ನೀರು ಬಂತು. "ಕೇಳ್ತು ಕಣೇ ರಂಜಿನಿ!" ಎಂದು ಕೂತಲ್ಲಿಂದಲೇ ಕೂಗಿದ. "ಗಗ್ಗರ ಕೇಳ್ತು! ಬಾ ಇಲ್ಲಿ!"

ಅವಳು ಬರಲಿಲ್ಲ. ಹಿಟ್ಟಿನ ಕೈ ತೊಳೆಯುತ್ತಿದ್ದಾಳೆ ಎಂದುಕೊಂಡು ಅವನು ಹಾಡನ್ನು ಹಿಂದಕ್ಕೆ ತಂದು ಅದೇ ಜಾಗವನ್ನು ಮತ್ತೆ ಹಾಕಿದ. ಈ ಸಲ ಗಗ್ಗರ ಇರಲಿಲ್ಲ. ಮತ್ತೊಮ್ಮೆ ಹಾಕಿದ, ಇರಲಿಲ್ಲ. ಅಷ್ಟರಲ್ಲಿ ಕವನ ಎದುರಿಗೆ ಬಂದು ನಿಂತಿದ್ದಳು. ಬಾಯಿ ತೆರೆದಿತ್ತು. ಅವಳು ಚೀರುತ್ತಿದ್ದಾಳೆ ಎಂದು ಅವನಿಗೆ ಗೊತ್ತಾದದ್ದು ತುಟಿ ನೋಡಿ.

ಅಡುಗೆಮನೆಯಲ್ಲಿ ಗ್ರೈಂಡರ್ ಇನ್ನೂ ತಿರುಗುತ್ತಿತ್ತು. ಅದರ ಬುಡದಲ್ಲಿ ರಂಜಿನಿ ಬಿದ್ದಿದ್ದಳು, ಬರಿಗಾಲು, ಮೊಳಕೈವರೆಗೂ ಹಿಟ್ಟು. ಗ್ರೈಂಡರಿನ ಮುಚ್ಚಳದ ಸ್ಟೀಲ್ ತಟ್ಟೆ ಬಾಗಿಲವರೆಗೂ ಉರುಳಿಕೊಂಡು ಬಂದು ಬೋರಲು ಬಿದ್ದಿತ್ತು. ಪಕ್ಕದಲ್ಲಿ ಪ್ಯೂರಿಫೈಯರಿನ ಹಸಿರು ದೀಪ ಉರಿಯುತ್ತಿತ್ತು.

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದವನೇ ಉಣ್ಣುವಂತಿದ್ದರೆ ಈ ಲೋಕಕ್ಕೆ ಇಷ್ಟು ಕಣ್ಣೀರು ಯಾಕೆ ಬೇಕಿತ್ತು?

ಮಣ್ಣು ಮಾಡಿ ಬಂದ ಮೇಲೆ ನೆಂಟರು ಹಳೇ ಗ್ರೈಂಡರನ್ನು ಬೈದರು, ಅದನ್ನು ಕೊಟ್ಟವರನ್ನು ಬೈದರು. ವೈರಿಂಗ್ ಮಾಡಿದವನನ್ನು ಬೈಯುವವರು ರವಿಯ ಮುಖ ನೋಡಿ ಸುಮ್ಮನಾದರು. ನೆಂಟರು ಚದುರಿದ ಮೇಲೆ ರವಿ ಸ್ಕ್ರೂಡ್ರೈವರ್ ತೆಗೆದುಕೊಂಡು ಬೋರ್ಡಿನ ಮುಂದೆ ನಿಂತ. ತನ್ನ ಕೈಯ ತಪ್ಪೇನು ಎಂದು ಅವನಿಗೆ ತಿಳಿಯಬೇಕಿತ್ತು. ಮುಚ್ಚಳ ಬಿಚ್ಚಿದ. ಟೇಪು ಸುತ್ತಿದ ಹಸಿರು ವೈರುಗಳು ಜೋತುಬಿದ್ದಿದ್ದವು.

ಅವನು ತಿರುಗಿದ. "ಇದುನ್ನ ಯಾರ್ ಬಿಚ್ಚುದ್ರು ಬಾವ?"

"ನಾನೇ ಕಣ್ಲಾ."

"ಯಾಕೆ?"

"ನೀನೇ ಏಳ್ದಲ್ಲ, ಮನೆ ಕೊಳೆಯೆಲ್ಲ ಅದ್ರಲ್ಲೇ ಓಯ್ತದೆ ಅಂತ."

ರವಿ ಗೋಡೆಗೆ ಒರಗಿ ಕುಸಿದು ಕೂತ. ಹೊಡೆಯುತ್ತಾನೆ ಎಂದು ಮಾದೇಶ ಕಾದ. ಹೊಡೆದಿದ್ದರೆ ಚೆನ್ನಾಗಿತ್ತು. ರವಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಹೆಂಗಸಿನ ಹಾಗೆ ಅತ್ತ.

ಕವನ ಬಾಗಿಲಲ್ಲಿ ನಿಂತಿದ್ದಳು. ಅಪ್ಪನ ಎದುರಿಗೆ ಬಂದು ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು. "ಗ್ರೈಂಡ್ರು ಮುಟ್ಟುದ್ರೆ ಜುಮ್ ಅಂತದೆ, ರವಿಗೆ ಪೋನ್ ಮಾಡಿ ಅಂತ ಅವ್ವ ಏಳ್ತಲ್ಲಪ್ಪ. ಎಲ್ಡ್ ಸಲ ಏಳ್ತು. ಎಲ್ಡ್ ಸಲಾನೂ ನೀನು ಹೂಂ ಅಂದೆ."

ಆಮೇಲೆ ಪರೀಕ್ಷೆಯ ಸಂಗತಿಯನ್ನೂ ಹೇಳಿದಳು. ಅವ್ವ ಆ ಪೆಟ್ಟಿಗೆಯನ್ನು ಒಂದು ದಿನವೂ ತೆಗೆದದ್ದಿಲ್ಲ, ಹಾಕಿದ್ದಿಲ್ಲ, ನೀನು ಏನಂದರೂ ಸರಿ ಎಂದಿತು ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಗೂ ಒಂದಿಷ್ಟು ಶಕ್ತಿ ಬೇಕು.

ಎಷ್ಟೋ ಹೊತ್ತಿನ ಮೇಲೆ ರವಿ ಎದ್ದ. ಹಸಿರು ವೈರುಗಳನ್ನು ಮತ್ತೆ ಜೋಡಿಸಬೇಕಿತ್ತು, ಕವನ ಇರುವ ಮನೆ. ಮೇನ್ ಆಫ್ ಮಾಡಿದ, ಇನ್ವರ್ಟರನ್ನೂ ಆಫ್ ಮಾಡಿ ಅದರ ಬ್ಯಾಟರಿಯ ವೈರು ಕಿತ್ತ. ಹಸಿರು ದೀಪಗಳೆಲ್ಲ ಆರಿದವು. ಫ್ರಿಜ್ಜು ಒಮ್ಮೆ ನಡುಗಿ ನಿಂತಿತು. ಮಧ್ಯಾಹ್ನದ ಹೊತ್ತು, ಬೀದಿಯಲ್ಲೂ ಯಾರಿರಲಿಲ್ಲ.

ಗುಂಯ್ ಎನ್ನುತ್ತಿತ್ತು.

"ಮೇನ್ ಆಫ್ ಮಾಡಿದೀಯಾ?" ಎಂದು ಮಾದೇಶ ಕೇಳಿದ. ರವಿ ತಲೆಯಾಡಿಸಿದ. "ಇನ್ವರ್ಟ್ರು?" ಅದಕ್ಕೂ ತಲೆಯಾಡಿಸಿದ. ಮಾದೇಶ ಅಂಗೈಯಲ್ಲಿ ಎರಡೂ ಕಿವಿ ಒತ್ತಿ ಹಿಡಿದ. ಸದ್ದು ಇನ್ನೂ ಹತ್ತಿರಕ್ಕೆ ಬಂತು. ಕೈ ತೆಗೆದ, ಮತ್ತೆ ಒತ್ತಿದ. ಯಾವ ವೈರಿನಲ್ಲೂ ಇಲ್ಲದ್ದು, ಯಾವ ಪೆಟ್ಟಿಗೆಗೂ ಸಿಗದ್ದು ಅವನ ತಲೆಯೊಳಗೇ ಕೂತು ಹಾಡುತ್ತಿತ್ತು. ಇದಕ್ಕೋಸ್ಕರ ಅವಳನ್ನು ಕೊಂದೆನಲ್ಲ ಎಂದುಕೊಂಡ.

ರವಿ ಬೋರ್ಡಿನ ಕಡೆ ತಿರುಗಿಕೊಂಡೇ ಏನೋ ಕೇಳಿದ. ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಮಾದೇಶನ ಬಾಯಿ ಅಭ್ಯಾಸದಂತೆ ಹೂಂ ಎನ್ನಲು ತೆರೆಯಿತು. ಅವನು ಅದನ್ನು ಅಲ್ಲೇ ತಡೆದ. ಕವನ ಅಪ್ಪನನ್ನೇ ನೋಡುತ್ತಿದ್ದಳು.

"ನಂಗೆ ಕೇಳ್ನಿಲ್ಲ ಕಣ್ಲಾ ರವಿ," ಎಂದ. "ಈ ಕಡೆ ತಿರುಕ್ಕೊಂಡು ಇನ್ನೊಂದ್ಸಲ ಏಳು."