ಹನ್ನೆರಡನೇ ತಾರೀಖಿನ ಕಾಗೆ

ವಿಠ್ಠಲವಾಡಿಯ ಚಾಳಿನ ಆ ಖೋಲಿ ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಅದರೊಳಗೆ ಐದು ಜನ. ಅಡುಗೆಮನೆ, ದೇವರಮನೆ, ಪಡಸಾಲೆ ಎಲ್ಲ ಅಷ್ಟರಲ್ಲೇ. ಸಾಲದ್ದಕ್ಕೆ ಆ ಖೋಲಿಯ ಒಳಗೇ 'ಹೊರಗೆ' ಅನ್ನುವುದೂ ಒಂದಿತ್ತು. ಬಾಗಿಲ ಮೂಲೆಯಲ್ಲಿ ಹಾಸಿದ ಒಂದು ಗೋಣಿತಾಟು, ಅದೇ ಹೊರಗೆ. ತಿಂಗಳಿಗೆ ಮೂರು ದಿನ ಸೊಸೆ ದಾನಮ್ಮ ಅದರ ಮೇಲೆ ಕೂಡಬೇಕು. ಒಲೆ ಮುಟ್ಟಬಾರದು, ನೀರಿನ ಕೊಡ ಮುಟ್ಟಬಾರದು. ಮೊಮ್ಮಕ್ಕಳು ಯಾಕೆ ಅಂತ ಕೇಳಿದರೆ ಅತ್ತೆ ಚಂದ್ರಬಾಯಿ, "ನಿಮ್ಮವ್ವಗ ಕಾಗಿ ಮುಟ್ಟ್ಯಾದ" ಎನ್ನುತ್ತಿದ್ದಳು. ಕಲಬುರಗಿ ಕಡೆಯ ಊರು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಹೊಲ ಹೋಗಿತ್ತು, ಎಮ್ಮೆ ಹೋಗಿತ್ತು. ಈ ಕಾಗೆಯನ್ನು ಮಾತ್ರ ಮುದುಕಿ ಗಂಟುಮೂಟೆಯ ಜೊತೆ ರೈಲು ಹತ್ತಿಸಿಕೊಂಡು ಬಂದಿದ್ದಳು.

ಆದರೆ ಆ ಮೂರು ದಿನವೂ ದಾನಮ್ಮ ರಬಾಳೆಯ ಪ್ಯಾಕಿಂಗ್ ಕಂಪನಿಗೆ ಹೋಗಬಹುದಿತ್ತು. ಕಂಪನಿಗೆ ಯಾವ ಮೈಲಿಗೆ? ಬೆಳಿಗ್ಗೆ ಲೋಕಲ್ ರೈಲಿನಲ್ಲಿ ಠಾಣೆ ಸ್ಟೇಷನ್ನು, ಅಲ್ಲಿ ಗಾಡಿ ಬದಲಿಸಿ ರಬಾಳೆ, ಎಂಟು ತಾಸು ನಿಂತೇ ಡಬ್ಬ ಕಟ್ಟುವುದು. ಅವಳಿಗೆ ಮುಟ್ಟು ಮೂರು ದಿನಕ್ಕೆ ಮುಗಿಯುತ್ತಿರಲಿಲ್ಲ. ಎಂಟು ದಿನ, ನಳ ಬಿಟ್ಟ ಹಾಗೆ. ಎರಡನೇ ಮಗುವಾದ ಮೇಲಂತೂ ಮುಖ ಬಿಳಿಚಿಕೊಂಡು ಹೋಗಿತ್ತು. ಒಂದು ದಿನ ಠಾಣೆಯ ಹತ್ತನೇ ಪ್ಲಾಟ್‌ಫಾರ್ಮಿನಲ್ಲಿ "ಯವ್ವಾ" ಅಂದವಳೇ ಕುಸಿದುಬಿದ್ದಳು. ಜೊತೆಗಿದ್ದ ಹೆಂಗಸರು ಎತ್ತಿಕೊಂಡು ಸ್ಟೇಷನ್ನಿನ ಪಕ್ಕದ ಕೋಪರಿಯಲ್ಲಿ, ಒಂದು ಟ್ರಸ್ಟಿನ ದವಾಖಾನೆಗೆ ಸೇರಿಸಿದರು.

ಅಲ್ಲಿ ಅವಳಿಗೆ ಸಿಕ್ಕವರು ಜಯಲತಾ ಸಿಸ್ಟರ್. ಉಡುಪಿ ಕಡೆಯವರು, ಐವತ್ತು ದಾಟಿದ ಹೆಂಗಸು. ಡಾಕ್ಟರು ರಕ್ತ ನೋಡಿದರು, ಸೋನೋಗ್ರಫಿ ಮಾಡಿಸಿದರು. ಗಡ್ಡೆಗಿಡ್ಡೆ ಇರಲಿಲ್ಲ, ರಕ್ತ ಮಾತ್ರ ಎಂಟಕ್ಕೆ ಇಳಿದಿತ್ತು. ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಇನ್ನು ಮಕ್ಕಳು ಬೇಡ, ಆಪರೇಷನ್ನೂ ಬೇಡ, ತಾಂಬಿ, ಅದೇ ಹೊಟ್ಟೆಯೊಳಗಿಡುವ ಕಾಪರ್-ಟಿ, ಹಾಕಿಸಿಕೊಳ್ಳುತ್ತೇನೆ ಅಂತ ದಾನಮ್ಮ ಅಂದಾಗ ಸಿಸ್ಟರ್ ಮೇಜಿನ ಮೇಲೆ ಇಂಗ್ಲಿಷಿನ ಟಿ ಅಕ್ಷರದಂಥ ಎರಡು ಪುಟ್ಟ ಮಾದರಿ ಇಟ್ಟರು.

"ನೋಡಿ ದಾನಮ್ಮ, ಇದು ನೀವು ಹೇಳಿದ ತಾಮ್ರದ್ದು. ಹಾರ್ಮೋನು ಅಂತ ಏನೂ ಇಲ್ಲ ಇದರಲ್ಲಿ. ಹತ್ತು ವರ್ಷ ಚಿಂತೆ ಇಲ್ಲ. ಆದ್ರೆ ಮುಟ್ಟು ಈಗಿನದಕ್ಕಿಂತ ಜಾಸ್ತಿ ಆಗ್ಲಿಕ್ಕುಂಟು, ಹೊಟ್ಟೆನೋವೂ ಬರಬಹುದು. ಇನ್ನೊಂದು ಇದು, ಹಾರ್ಮೋನಿಂದು. ಐದು ವರ್ಷದ್ದುಂಟು, ಎಂಟು ವರ್ಷದ್ದುಂಟು. ಮೊದಲ ನಾಲ್ಕೈದು ತಿಂಗಳು ಆಗೊಮ್ಮೆ ಈಗೊಮ್ಮೆ ಕಲೆ ಕಾಣ್ತದೆ. ಆಮೇಲೆ ಮುಟ್ಟು ಕಡಿಮೆ ಆಗ್ತದೆ. ಕೆಲವರಿಗೆ ನಿಂತೇ ಹೋಗ್ತದೆ. ಬೇಡ ಅನಿಸಿದ ದಿನ ಎರಡನ್ನೂ ತೆಗೆಸ್ಬಹುದು."

"ನಿಂತೇ ಹೋಗ್ತದ?" ದಾನಮ್ಮ ಕುರ್ಚಿಯಿಂದ ಅರ್ಧ ಎದ್ದಳು. "ಹಂಗಾದ್ರ ಬ್ಯಾಡ್ರೀ ಸಿಸ್ಟರ್. ತಾಮ್ರದ್ದೇ ಹಾಕ್ರಿ."

ಯಾಕೆ ಅಂತ ಕೇಳಿದಾಗ ಅಳುಮುಖ ಮಾಡಿಕೊಂಡು ಎಲ್ಲ ಹೇಳಿದಳು. ನಿಂತ ರಕ್ತ ತಲೆಗೇರಿ ಹುಚ್ಚು ಹಿಡಿಯುತ್ತದೆ ಅನ್ನುವುದು ಅತ್ತೆಯ ನಂಬಿಕೆ. ಗೊತ್ತಾದರೆ ಮರುದಿನವೇ ಕೈಹಿಡಿದು ಎಳೆತಂದು ತೆಗೆಸಿಬಿಡುತ್ತಾಳೆ. ಮುಟ್ಟು ಬಂದಿತೋ ಇಲ್ಲವೋ ಅನ್ನುವುದನ್ನು ಹತ್ತಡಿ ಖೋಲಿಯಲ್ಲಿ ಬಚ್ಚಿಡುವುದಾದರೂ ಎಲ್ಲಿ?

ಜಯಲತಾ ನಗಲಿಲ್ಲ, ಬೈಯಲಿಲ್ಲ, ಭಾಷಣವನ್ನೂ ಬಿಗಿಯಲಿಲ್ಲ. ಇಂಥವರು ಲಕ್ಷಕ್ಕೊಬ್ಬರು. "ಇವತ್ತೇ ಹೇಳ್ಬೇಕು ಅಂತಿಲ್ಲ. ಒಂದು ವಾರ ಯೋಚನೆ ಮಾಡಿ. ನಾನು ಇದೇ ಹಾಕಿಸ್ಕೊಳ್ಳಿ ಅಂತ ಹೇಳುದಿಲ್ಲ. ಆದ್ರೆ ಒಂದು ನೆನಪಿಡಿ ಮಾರಾಯ್ರೆ, ಇಡುವುದು ನಿಮ್ಮ ಹೊಟ್ಟೆಯೊಳಗೆ, ಅತ್ತೆಯ ಹೊಟ್ಟೆಯೊಳಗಲ್ಲ."

ಆ ಒಂದು ವಾರ ದಾನಮ್ಮ ರೈಲಿನಲ್ಲಿ ಜೋತಾಡುತ್ತ ಅದನ್ನೇ ಯೋಚಿಸಿದಳು. ತಾಮ್ರದ್ದಾದರೆ ಮನೆ ಶಾಂತವಾಗಿರುತ್ತದೆ, ಅವಳು ಮತ್ತೆ ಪ್ಲಾಟ್‌ಫಾರ್ಮಿನಲ್ಲಿ ಬೀಳುತ್ತಾಳೆ. ಇನ್ನೊಂದಾದರೆ ಮೈಯಲ್ಲಿ ರಕ್ತ ಉಳಿಯುತ್ತದೆ, ಮನೆಯಲ್ಲಿ ರಾಮಾಯಣವಾಗುತ್ತದೆ. ಗಂಡ ಹಣಮಂತ್ರಾಯನನ್ನು ಕೇಳಿದಳು. ಕಟ್ಟಡದ ಮೇಲೆ ಹನ್ನೆರಡನೇ ಮಹಡಿಯಲ್ಲಿ ಹೆದರದೆ ನಿಲ್ಲುವ ಗಂಡಸು, "ನಿಂಗ ಯಾವ್ದು ಚೊಲೋನೋ ಅದನ್ನ ಹಾಕಸ್ಕೊ. ಅವ್ವಗ ಮಾತ್ರ ಹೇಳಬ್ಯಾಡ" ಎಂದು ಪಿಸುಗುಟ್ಟಿದ. ಎಂಟನೇ ದಿನ ಅವಳು ಕೋಪರಿಗೆ ಹೋಗಿ ಎರಡನೆಯ ಮಾದರಿಯ ಮೇಲೆ ಬೆರಳಿಟ್ಟಳು.

ಸಿಸ್ಟರ್ ಹೇಳಿದ ಹಾಗೇ ಆಯಿತು. ನಾಲ್ಕು ತಿಂಗಳು ಅಷ್ಟಿಷ್ಟು ಕಲೆ, ಐದನೆಯ ತಿಂಗಳಿಂದ ಅದೂ ಇಲ್ಲ. ರೈಲಿನ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುವುದು ನಿಂತಿತು. ಕೆನ್ನೆಗೆ ಬಣ್ಣ ಬಂತು. ಬಣ್ಣದ ಜೊತೆಗೆ ಕಳ್ಳತನವೂ ಬಂತು. ಪ್ರತಿ ತಿಂಗಳು ಹನ್ನೆರಡನೇ ತಾರೀಖು ಬಂದರೆ ದಾನಮ್ಮ ಮುಖ ಸಪ್ಪಗೆ ಮಾಡಿಕೊಂಡು ಗೋಣಿತಾಟಿನ ಮೇಲೆ ಕೂಡತೊಡಗಿದಳು. ಇಲ್ಲದ ಕಾಗೆಯನ್ನು ಕರೆಕರೆದು ಮುಟ್ಟಿಸಿಕೊಂಡಳು. ಚಂದ್ರಬಾಯಿ ಬೆಳಿಗ್ಗೆ ನಳದ ಪಾಳಿಗೆ ನಿಂತು ಕೊಡ ಹೊತ್ತು ತರುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಎದ್ದು ಕೂಡುವಾಗೆಲ್ಲ ಮೊಣಕಾಲು ಹಿಡಿದು "ಅಯ್ಯ ಶಿವನೆ" ಅನ್ನುತ್ತಿದ್ದಳು. ಪ್ರತಿ "ಅಯ್ಯ ಶಿವನೆ"ಗೂ ದಾನಮ್ಮನ ಎದೆ ಚುರುಕ್ ಅನ್ನುತ್ತಿತ್ತು. ತನ್ನ ಸುಳ್ಳಿಗಾಗಿ ಮುದುಕಿ ನೀರು ಹೊರುತ್ತಿದ್ದಾಳೆ. ಹೇಳಿಬಿಡಬೇಕು ಅನ್ನಿಸುತ್ತಿತ್ತು, ಮುಂದಿನ ಹನ್ನೆರಡಕ್ಕೆ ಮತ್ತೆ ಹೋಗಿ ಗೋಣಿತಾಟಿನ ಮೇಲೆ ಕೂಡುತ್ತಿದ್ದಳು.

ಹೀಗಿರುವಾಗ ದೀಪಾವಳಿಯ ಮುಂಚೆ ಕಂಪನಿಯಲ್ಲಿ ಓವರ್‌ಟೈಮ್ ಶುರುವಾಯಿತು. ಆ ಗಡಿಬಿಡಿಯಲ್ಲಿ ದಾನಮ್ಮನಿಗೆ ತಾರೀಖು ಮರೆತೇ ಹೋಯಿತು. ಸಂಜೆ ಬಂದವಳು ಕೈಕಾಲು ತೊಳೆದು ನೆಟ್ಟಗೆ ಒಲೆಯ ಮುಂದೆ ಹೋಗಿ ಹಿಟ್ಟಿನ ಡಬ್ಬಿಗೆ ಕೈ ಹಾಕಿದಳು.

"ಏ, ನಿಲ್ಲು!" ಚಂದ್ರಬಾಯಿ ಗದರಿದಳು. "ಇವತ್ತ ತಾರೀಖ ಹನ್ನೆರಡು. ಮರ್ತಿ ಏನು? ಹೋಗಿ ನಿನ್ನ ಜಾಗಾದಾಗ ಕೂಡು."

ದಾನಮ್ಮ ಡಬ್ಬಿಯ ಮುಚ್ಚಳ ಮತ್ತೆ ಮುಚ್ಚಿದಳು. ಕತೆ ಮುಗಿಯಿತು ಅಂದುಕೊಂಡಳು. "ಅತ್ತಿ, ಇವತ್ತ ನಂಗ..." ಎಂದು ತೊದಲಿದಳು.

"ಆಗಿಲ್ಲ. ಗೊತ್ತದ. ಹೋದ ತಿಂಗಳೂ ಆಗಿಲ್ಲ, ಅದರ ಹಿಂದಿನ ತಿಂಗಳೂ ಆಗಿಲ್ಲ. ಗ್ವಾಡಿ ಮಾಡದಾಗಿನ ಪ್ಯಾಡಿನ ಪುಡಿಕಿ ಒಡದೇ ಇಲ್ಲ. ನಾ ಓದಲಾರದಾಕಿ, ಕುಡ್ಡಿ ಅಲ್ಲ."

ಮುದುಕಿ ನಿಧಾನವಾಗಿ ಉಳಿದದ್ದನ್ನು ಹೇಳಿದಳು. ಮೊದಲು ಬಸಿರು ಅಂದುಕೊಂಡಿದ್ದಳು. ಹೊಟ್ಟೆ ಬರಲಿಲ್ಲ, ಬದಲಿಗೆ ಸೊಸೆಯ ಮುಖ ತುಂಬಿಕೊಂಡಿತು. ಆಮೇಲೆ ಜೋಳದ ಹಿಟ್ಟಿನ ಡಬ್ಬಿಯ ಕೆಳಗೆ ದವಾಖಾನೆಯ ಕಾರ್ಡು ಸಿಕ್ಕಿತು. ಪಕ್ಕದ ಉಲ್ಲಾಸನಗರದ ಬಜಾರು ದಾಟಿ ಒಬ್ಬಳೇ ಎಲ್ಲಿಗೂ ಹೋಗದ ಚಂದ್ರಬಾಯಿ, ಆ ಕಾರ್ಡನ್ನು ಸೆರಗಿನ ತುದಿಗೆ ಕಟ್ಟಿಕೊಂಡು ರೈಲು ಹತ್ತಿ, ಠಾಣೆ ಸ್ಟೇಷನ್ನಿನಲ್ಲಿ ಪೊಲೀಸ್ ಹುಡುಗಿಗೆ ತೋರಿಸಿ, ಕೇಳಿಕೊಂಡು ಕೋಪರಿ ಮುಟ್ಟಿದ್ದಳು. ಆ ಮೊಣಕಾಲು ಹೊತ್ತು, ಸ್ಟೇಷನ್ನಿನ ಸೇತುವೆಯ ಅಷ್ಟೂ ಮೆಟ್ಟಿಲು ಹತ್ತಿ!

"ಆ ಸಿಸ್ಟರ್ ಭಾಳ ಗಟ್ಟಿ ಹೆಂಗಸು. ನಿನ್ನ ಬಗ್ಗೆ ಒಂದು ಮಾತು ಬಿಡ್ಲಿಲ್ಲ. ಯಾರದೇ ಮಾತಾದ್ರೂ ಅವರ ಬಾಯಿಂದನೇ ಕೇಳ್ಬೇಕು, ನಾ ಹೇಳಾಂಗಿಲ್ಲ ಅಂದ್ಲು. ನಾ ಎದ್ದು ಹೊಂಟಿದ್ದೆ. ತಡೀರಿ, ಬಂದೀರಿ, ಇಲ್ಲಿಗೆ ಬರೋ ಎಲ್ಲಾ ಹೆಂಗಸರಿಗೂ ತೋರಸೋದು ನಿಮಗೂ ತೋರಸ್ತೀನಿ ಅಂತ ಹೇಳಿ ಹೊಟ್ಟ್ಯಾಗ ಹಾಕೋ ಎರಡು ವಂಕಿ ಮುಂದ ಇಟ್ಲು. ಒಂದು ಹೆಚ್ಚಿಗಿ ಮಾಡ್ತದ, ಒಂದು ಕಡಿಮಿ ಮಾಡ್ತದ. ಉಳದದ್ದು ನನಗ ತಿಳೀಲಿಲ್ಲೇನು?"

"ಮತ್ತ ರಕ್ತ ತಲಿಗೇರ್ತದ ಅಂತಿದ್ರಿ?"

"ಕೇಳಿದೆ. ಒಳಗ ಪದರು ಬೆಳೀದೇ ಇದ್ರ ಬರೋದು ಎಲ್ಲಿಂದ ಅಜ್ಜಿ ಅಂದ್ಲು. ಖರೇ ಅನಿಸ್ತು. ಒಲಿ ಮ್ಯಾಲ ಹಾಲೇ ಇಡದಿದ್ರ ಉಕ್ಕೋದೇನು?"

ಐವತ್ತು ವರ್ಷ ನಂಬಿದ್ದನ್ನು ಒಂದು ಮಧ್ಯಾಹ್ನದಲ್ಲಿ ಇಳಿಸಿಡುವುದು ಸುಲಭದ ಮಾತಲ್ಲ. ದೊಡ್ಡ ಓದು ಓದಿದವರಿಗೂ ಅದು ಸಾಧ್ಯವಾಗುವುದಿಲ್ಲ. ದಾನಮ್ಮ ಅತ್ತೆಯನ್ನು ಅದೇ ಮೊದಲ ಸಲ ನೋಡುವವಳಂತೆ ನೋಡಿದಳು.

"ಎಲ್ಲಾ ಗೊತ್ತಿದ್ದು ಮತ್ತ ಯಾಕ ನನ್ನ ಕೂಡಸ್ತಿದ್ರಿ? ಮೊಣಕಾಲು ನೋವು ಇಟ್ಕೊಂಡು ನೀರು ಯಾಕ ಹೊತ್ರಿ?"

ಚಂದ್ರಬಾಯಿ ಹಿಟ್ಟಿನ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು. "ನಾ ಐದು ಹಡದೀನಿ. ಕಲ್ಲು ಹೊತ್ತೀನಿ, ಕಂಡವರ ಹೊಲದಾಗ ಕಸ ತಗದೀನಿ. ನನ್ನ ಜಲ್ಮದಾಗ ಕುಂತು ಉಂಡಿದ್ದು ಅಂದ್ರ ತಿಂಗಳಿಗೆ ಆ ಮೂರು ದಿನ. ಒಲಿ ಬ್ಯಾಡ, ನೀರು ಬ್ಯಾಡ, ಯಾರೂ ಏಳು ಅನ್ನಾಂಗಿಲ್ಲ. ಮುಟ್ಟು ನಿಂತ ವರ್ಷ ನಾ ಅತ್ತೀನಿ ದಾನಾ, ಇನ್ನ ನನಗ ಆರಾಮಿಲ್ಲ ಅಂತ. ನಿನಗ ರಕ್ತ ನಿಂತ್ರ ನಿಲ್ಲಲಿ. ಆರಾಮ ಯಾಕ ನಿಲ್ಲಬೇಕು?"

ದಾನಮ್ಮನಿಗೆ ಅಳು ತಡೆಯಲಾಗಲಿಲ್ಲ. ಇಂಥ ಹೆಂಗಸಿಗೆ ಹೆದರಿ ಎಂಟು ತಿಂಗಳು ಕಳ್ಳಿಯಂತೆ ಬದುಕಿದೆನಲ್ಲ ಎಂದು ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು. ಆ ಮೂರು ದಿನ ಅವಳು ಅತ್ತೆ ಬಡಿದ ರೊಟ್ಟಿಯನ್ನು ಗೋಣಿತಾಟಿನ ಮೇಲೆ ಕೂತು ಹೊಟ್ಟೆತುಂಬ ತಿಂದಳು.

ಅದೇ ತಿಂಗಳು ಇಪ್ಪತ್ತೈದನೇ ತಾರೀಖು ಸಂಜೆ ಹಣಮಂತ್ರಾಯ ಕೆಲಸ ಮುಗಿಸಿ ಬಂದ. ಬಾಗಿಲಲ್ಲೇ ನಿಂತುಬಿಟ್ಟ. ಗೋಣಿತಾಟಿನ ಮೇಲೆ ಅರವತ್ತೆರಡು ವರ್ಷದ ಅವ್ವ ಕಾಲು ಚಾಚಿ ಕೂತಿದ್ದಳು, ಮೊಣಕಾಲಿಗೆ ಎಣ್ಣೆ ಹಚ್ಚಿತ್ತು. ದಾನಮ್ಮ ಒಲೆಯ ಮುಂದಿದ್ದಳು. ಮಗಳು ಸಂಜನಾ ಓಡಿಬಂದು ಹಿಂದಿಯಲ್ಲೇ ಸುದ್ದಿ ಮುಟ್ಟಿಸಿದಳು: "ಪಪ್ಪಾ, ದಾದೀಕೋ ಕವ್ವಾ ಛೂ ಗಯಾ!"

"ಅವ್ವಗ? ಈ ವಯಸ್ಸಿನಾಗ ಕಾಗಿ?"

"ನಾನೇ ಮುಟ್ಟಿಸೀನಿ. ಮೂರು ದಿನ ಏಳಾಂಗಿಲ್ಲ ಅವರು" ಎಂದಳು ದಾನಮ್ಮ, ರೊಟ್ಟಿ ತಿರುವಿಹಾಕುತ್ತ.

ಹಣಮಂತ್ರಾಯ ಹೆಂಡತಿಯ ಮುಖ ನೋಡಿದ, ಅವ್ವನ ಮುಖ ನೋಡಿದ. ಇಬ್ಬರೂ ನಗುತ್ತಿದ್ದರು. ತನಗೆ ತಿಳಿಯದ್ದು ಏನೋ ನಡೆದಿದೆ, ನಡೆದದ್ದು ಒಳ್ಳೆಯದೇ ಅನ್ನುವಷ್ಟು ಮಾತ್ರ ಅವನಿಗೆ ತಿಳಿಯಿತು. ಊಟದ ಡಬ್ಬಿ ಕೆಳಗಿಟ್ಟು, ಖಾಲಿ ಕೊಡ ಎತ್ತಿಕೊಂಡು ನಳದ ಕಡೆ ನಡೆದ.