ಸದ್ದಿಲ್ಲದ ಫ್ಯಾನು

ಊರಾಚೆಯ ಹಿರಿಯರ ಮನೆ ಒಂದು ಕಾಲಕ್ಕೆ ಮಗ್ಗದ ಶೆಡ್ಡಾಗಿತ್ತು. ಶೆಡ್ಡು ಮುಚ್ಚಿದ ಮೇಲೆ ಬಾವಲಿಗಳ ಪಾಲಾಗಿದ್ದ ಕಟ್ಟಡಕ್ಕೆ ಊರಿನವರೇ ಸೇರಿ ಸುಣ್ಣ ಬಳಿದು, ಅಲ್ಲಿ ದುಡಿದು ಮುದುಕರಾದವರಿಗೆ ಬಿಟ್ಟುಕೊಟ್ಟರು. ಬೆಳಿಗ್ಗೆ ವ್ಯಾನು ಮನೆಮನೆಗೂ ಬಂದು ಕರೆದೊಯ್ಯುತ್ತದೆ, ಸಂಜೆ ವಾಪಸು ಬಿಡುತ್ತದೆ. ನರ್ಸಮ್ಮ ಬಿಪಿ ನೋಡುತ್ತಾಳೆ. ಬಿಸಿ ಊಟವಾದ ಮೇಲೆ ಸಾಲು ಮಂಚಗಳಲ್ಲಿ ನಿದ್ದೆ.

ನೂಲಜ್ಜಿ ಬರುತ್ತಿದ್ದುದೇ ಆ ನಿದ್ದೆಗೆ. ಮನೆಯಲ್ಲಿ ರಾತ್ರಿಯಿಡೀ ರೆಪ್ಪೆಗೆ ರೆಪ್ಪೆ ಅಂಟುತ್ತಿರಲಿಲ್ಲ. ಇಲ್ಲಿ, ತನ್ನ ಮಗ್ಗವಿದ್ದ ಜಾಗದಲ್ಲೇ ಹಾಕಿದ ಮಂಚದಲ್ಲಿ ಒರಗಿದರೆ ಸಾಕು, ಹಳೇ ಫ್ಯಾನು ಟಕ್ ಟಕ್ ಎನ್ನುತ್ತಿದ್ದಂತೆ ಕನಸಿನಲ್ಲಿ ಮಗ್ಗದ ಲಾಳಿ ಅತ್ತಿತ್ತ ಓಡತೊಡಗುತ್ತಿತ್ತು. ಸೂರಿನಿಂದ ಹತ್ತಿಯ ಎಳೆಗಳು ತೇಲಿ ಇಳಿಯುತ್ತಿದ್ದವು. ಅವಳು ನೇಯ್ದ ಬಟ್ಟೆ ಬಾಗಿಲು ದಾಟಿ ಹೊಲಗಳ ಮೇಲೆಲ್ಲ ಹಾಸಿಕೊಳ್ಳುತ್ತಿತ್ತು.

ಒಳ್ಳೆಯದು ಮಾಡಲು ಹೋಗಿ ನರ್ಸಮ್ಮ ಹೊಸ ಫ್ಯಾನು ಹಾಕಿಸಿದಳು. ಅದು ಪಿಟ್ಟೆನ್ನದೆ ತಿರುಗಿತು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ಈ ಮುದುಕರಿಗೆ ಸಂತೆಯಿಲ್ಲದೆ ನಿದ್ದೆಯೇ ಇಲ್ಲ. ಎಲ್ಲರೂ ಸೂರು ನೋಡುತ್ತಾ ಬಿದ್ದುಕೊಂಡರು. ಹಳೇ ಫ್ಯಾನು ಆಗಲೇ ಗುಜರಿ ಸೇರಿತ್ತು.

ಕೆಲವೇ ದಿನಕ್ಕೆ ನೂಲಜ್ಜಿ ಸೊರಗಿ ಹೋದಳು. ನರ್ಸಮ್ಮನನ್ನು ಕರೆದು, "ನಾಳೆಯಿಂದ ನಮ್ಮನೆ ಹತ್ರ ವ್ಯಾನು ನಿಲ್ಲಿಸ್ಬೇಡಮ್ಮ. ನಿದ್ದೆ ಇಲ್ದಿದ್ಮೇಲೆ ಇಲ್ಲಿ ಬಂದು ಏನ್ಮಾಡ್ಲಿ?" ಎಂದಳು. ಹೇಳುವಾಗ ಅಳು ಬಂತು.

ಬಾಗಿಲ ಬಳಿಯ ಮಂಚದಲ್ಲಿದ್ದ ಮೇಸ್ತ್ರಿ ಅದನ್ನು ಕೇಳಿಸಿಕೊಂಡ. ಹಿಂದೆ ಮಗ್ಗಗಳ ನಡುವೆ ಸುತ್ತು ಹಾಕಿ ಕೆಲಸ ನೋಡಿಕೊಳ್ಳುತ್ತಿದ್ದ ಶೆಡ್ಡಿನ ಮೇಸ್ತ್ರಿ ಅವನೇ. ಜ್ವರದ ಮಗುವಿಗಾಗಿ ರಾತ್ರಿಯೆಲ್ಲ ಎದ್ದಿದ್ದು ಮಗ್ಗದ ಮುಂದೆ ತೂಕಡಿಸಿದ ನೂಲಜ್ಜಿಯ ಮುಖಕ್ಕೆ ಒಂದು ಚೊಂಬು ನೀರು ಎರಚಿದ್ದವನು. ಅಂದಿನಿಂದ ಅವಳು ಅವನ ಜೊತೆ ಮಾತು ಬಿಟ್ಟಿದ್ದಳು.

ಊಟ ಮುಗಿಯಿತು. ನೂಲಜ್ಜಿ ಸುಮ್ಮನೆ ಕಣ್ಣು ಮುಚ್ಚಿದಳು. ಟಕ್. ಟಕ್. ಕಲ್ಲು ನೆಲದ ಮೇಲೆ ಊರುಗೋಲು ಕುಟ್ಟುತ್ತಾ ಯಾರೋ ಮಂಚಗಳ ನಡುವೆ ಸುತ್ತುತ್ತಿದ್ದರು. ಆ ನಡಿಗೆ ಅವಳಿಗೆ ಗೊತ್ತಿತ್ತು. ದಿಗ್ಗನೆ ಎದ್ದು ಕೂತಳು.

"ನಿದ್ದೆ ಮಾಡ್ತಿಲ್ಲ, ಮೇಸ್ತ್ರಿ," ಹಳೇ ಅಭ್ಯಾಸ, ಬಾಯಿಂದ ಬಂದೇ ಬಿಟ್ಟಿತು.

ಮೇಸ್ತ್ರಿ ತಲೆ ತಗ್ಗಿಸಿದ. "ಮಾಡಮ್ಮ. ಅದಕ್ಕೇ ಸುತ್ತು ಹಾಕ್ತಿದೀನಿ. ಅವತ್ತಿನದ್ದೂ ಸೇರಿಸಿ ಮಾಡು."

ಅವಳು ಎಂದಿನಂತೆ ಮುಖ ತಿರುಗಿಸಿಕೊಂಡು ಮಲಗಿದಳು. ಸ್ವಲ್ಪ ಹೊತ್ತಿಗೆ, "ಇನ್ನೂ ಚೂರು ಜೋರಾಗಿ," ಎಂದಳು.

ಬಟ್ಟೆ ಮತ್ತೆ ಬಾಗಿಲು ದಾಟಿತು.

ಸಂಜೆ ವ್ಯಾನು ಬಂದಾಗ ನರ್ಸಮ್ಮ ಗೊರಕೆ ಹೊಡೆಯುತ್ತಿದ್ದ ನೂಲಜ್ಜಿಯ ಭುಜ ಅಲುಗಿಸಲು ಬಗ್ಗಿದಳು. ಇನ್ನೂ ಸುತ್ತು ಹಾಕುತ್ತಲೇ ಇದ್ದ ಮೇಸ್ತ್ರಿ ಬಂದು ಊರುಗೋಲು ಅಡ್ಡ ಹಿಡಿದ.

"ಎಬ್ಬಿಸ್ಬೇಡಮ್ಮ," ಎಂದ. "ವ್ಯಾನು ಕಾಯ್ಲಿ."